ಅರ್ಧ ಬೆಲೆಯ ಊಟದ ಪೂರ್ತಿ ಲೆಕ್ಕ

ಶಿವಮೊಗ್ಗದ ವಿದ್ಯಾನಗರದಲ್ಲಿ, ಬಿ.ಎಚ್. ರಸ್ತೆಯ ಪಕ್ಕದಲ್ಲೊಂದು ಹೋಟೆಲಿದೆ ಎಂದಿಟ್ಟುಕೊಳ್ಳಿ. ಭಾನುವಾರ ಸಂಜೆ ಅಲ್ಲಿ ಟೇಬಲ್ಲಿಗೆ ಕಾಯಬೇಕು. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹೋದರೆ ಸಪ್ಲಯರ್‌ಗಳು ಫ್ಯಾನಿನ ಕೆಳಗೆ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಎರಡೂ ದಿನಕ್ಕೆ ಬಾಡಿಗೆ ಅಷ್ಟೇ, ಸಂಬಳವೂ ಅಷ್ಟೇ. ಮಂಗಳವಾರ ಖಾಲಿ ಉಳಿದ ಕುರ್ಚಿಯನ್ನು ಎತ್ತಿಟ್ಟು ಭಾನುವಾರ ಮಾರಲು ಬರುವುದಿಲ್ಲ. ‘ಇವತ್ತಿನ ಡೀಲ್: 400 ರೂಪಾಯಿಯ ಊಟ 200ಕ್ಕೆ’ ಎನ್ನುವ ಸೈಟುಗಳು ಹುಟ್ಟಿದ್ದೇ ಈ ಖಾಲಿ ಕುರ್ಚಿಯನ್ನು ನಂಬಿ.

ಬಿಡುವಿನ ಕಾಲಕ್ಕೆ ಬೆಲೆ ಇಳಿಸುವುದು ನಮ್ಮ ಅಂಗಡಿಯವರಿಗೆ ಹೊಸ ವಿದ್ಯೆಯೇನಲ್ಲ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲದ್ದರಿಂದಲೇ ಬಟ್ಟೆ ಅಂಗಡಿಗಳ ಮುಂದೆ ರಿಯಾಯಿತಿಯ ಬ್ಯಾನರ್ ಏಳುತ್ತದೆ. ಆದರೆ ಅಲ್ಲಿ ರಿಯಾಯಿತಿ ಕೊಡುವವನೂ ಲೆಕ್ಕ ಹಾಕುವವನೂ ಒಬ್ಬನೇ, ಗಲ್ಲಾದ ಮೇಲೆ ಕೂತ ಯಜಮಾನ. ಆಷಾಢದಲ್ಲಿ ಹೋಗದ ಸೀರೆ ಶ್ರಾವಣದಲ್ಲಾದರೂ ಹೋಗುತ್ತದೆ. ಡೀಲ್ ಸೈಟಿನಲ್ಲಿ ನಡುವೆ ಮೂರನೆಯವನೊಬ್ಬ ಬರುತ್ತಾನೆ, ಅವನೂ ಬದುಕಬೇಕು.

ಈ ಮೂರನೆಯವನ ಮೂಲಪುರುಷ ಷಿಕಾಗೋದ ಗ್ರೂಪಾನ್. 2008ರ ನವೆಂಬರಿನಲ್ಲಿ ಶುರುವಾದಾಗ ಅದು ಮಾರಿದ ಮೊದಲ ಕೂಪನ್ ತನ್ನದೇ ಕಟ್ಟಡದ ಕೆಳಗಿದ್ದ ಬಾರಿನ ಪಿಜ್ಜಾದ್ದು. ಇಷ್ಟು ಜನ ದುಡ್ಡು ಕಟ್ಟಿದರೆ ಮಾತ್ರ ಡೀಲ್ ಊರ್ಜಿತ, ಇಲ್ಲದಿದ್ದರೆ ಯಾರಿಗೂ ಇಲ್ಲ ಎಂಬ ಷರತ್ತು ಅದರ ಚಾಲಾಕಿತನ. ಕೂಪನ್ ಕೊಂಡವನೇ ಸ್ನೇಹಿತರಿಗೆಲ್ಲ ಹೇಳಿ ಪ್ರಚಾರ ಮಾಡುತ್ತಿದ್ದ, ಅದೂ ಬಿಟ್ಟಿಯಾಗಿ. ಎರಡೇ ವರ್ಷದಲ್ಲಿ ಗೂಗಲ್ ಸುಮಾರು 600 ಕೋಟಿ ಡಾಲರಿಗೆ ಕೇಳಿತು, ಗ್ರೂಪಾನ್ ಒಲ್ಲೆ ಎಂದಿತು. 2011ರಲ್ಲಿ ಷೇರುಪೇಟೆಗೆ ಹೊರಟಾಗ ಮಾತ್ರ ಒಂದು ಕುತೂಹಲದ ತಿದ್ದುಪಡಿ ಮಾಡಬೇಕಾಗಿ ಬಂತು. 2010ರ ಆದಾಯ 71 ಕೋಟಿ ಡಾಲರ್ ಎಂದಿದ್ದ ಕಂಪನಿ ಅದನ್ನು 31 ಕೋಟಿಗೆ ಇಳಿಸಿತು. ಮೊದಲಿನ ಅಂಕಿಯಲ್ಲಿ ಅಂಗಡಿಗಳಿಗೆ ಸೇರಬೇಕಾದ ದುಡ್ಡೂ ಕೂಡಿತ್ತು. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಸೈಟಿನ ಪಾಲು ಗೊತ್ತಾಗಿಬಿಡುತ್ತದೆ: ಗಿರಾಕಿ ಕೊಟ್ಟ ಪ್ರತಿ ನೂರರಲ್ಲಿ ಸುಮಾರು 44.

ಇದರ ಮೇಲೆ ಇನ್ನೆರಡು ಸಣ್ಣ ಒರತೆಗಳು. ಗಿರಾಕಿ ದುಡ್ಡು ಕಟ್ಟುವುದು ಇವತ್ತು, ಅಂಗಡಿಗೆ ಅದರ ಪಾಲು ತಲುಪುವುದು ಆಮೇಲೆ. ಆ ನಡುವಿನ ದಿನಗಳಲ್ಲಿ ಹಣ ಸೈಟಿನ ಕೈಯಲ್ಲಿ ಓಡಾಡುತ್ತದೆ, ಬಡ್ಡಿಯಿಲ್ಲದ ಸಾಲದಂತೆ. ಕೊಂಡ ಕೂಪನ್ನೆಲ್ಲ ಬಳಕೆಯೂ ಆಗುವುದಿಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಉತ್ಪಲ್ ಧೋಲಕಿಯಾ 2011ರಲ್ಲಿ 324 ಅಂಗಡಿಗಳನ್ನು ವಿಚಾರಿಸಿದಾಗ ಶೇ. 22ರಷ್ಟು ಕೂಪನ್‌ಗಳು ಹಾಗೇ ಅವಧಿ ಮುಗಿಸಿದ್ದವು. ಆ ದುಡ್ಡು ಯಾರಿಗೆ ಎನ್ನುವುದು ಕರಾರಿನ ಸಣ್ಣ ಅಕ್ಷರಗಳಲ್ಲಿರುತ್ತದೆ. ಸಣ್ಣ ಅಕ್ಷರ ಬರೆದವನು ಅಂಗಡಿಯವನಂತೂ ಅಲ್ಲ.

ಈಗ ನಮ್ಮ ವಿದ್ಯಾನಗರದ ಹೋಟೆಲಿಗೆ ವಾಪಸು ಬರೋಣ. ಊಟದ ಬೆಲೆ 400, ಅಕ್ಕಿ ಬೇಳೆ ಗ್ಯಾಸ್ ಎಲ್ಲ ಸೇರಿ ತಗಲುವುದು 130. ಮಾಮೂಲಿ ಗಿರಾಕಿಯಿಂದ 270 ಉಳಿಯುತ್ತದೆ. ಡೀಲಿನಲ್ಲಿ ಬೆಲೆ 200, ಲೆಕ್ಕ ಸುಲಭವಾಗಲೆಂದು ಅದರಲ್ಲಿ ಅರ್ಧ ಸೈಟಿಗೆ ಎನ್ನೋಣ. ಹೋಟೆಲಿಗೆ ಬರುವುದು 100, ಖರ್ಚು 130. ಪ್ರತಿ ಊಟಕ್ಕೆ 30 ರೂಪಾಯಿ ಕೈಯಿಂದ ಹೋಗುತ್ತದೆ. ಹೊಸ ಗಿರಾಕಿಯನ್ನು ಮೂವತ್ತು ರೂಪಾಯಿಗೆ ಕೊಂಡಂತಾಯಿತಲ್ಲ, ಅಗ್ಗವೇ ಎನ್ನಬಹುದು. ಆದರೆ ಡೀಲ್ ಹಿಡಿದು ಬಂದವನು ಹಳೇ ಗಿರಾಕಿಯಾಗಿದ್ದರೆ? ಡೀಲ್ ಇಲ್ಲದಿದ್ದರೂ ಅವನು ಬರುತ್ತಿದ್ದ, 270 ಉಳಿಸಿಕೊಟ್ಟು ಹೋಗುತ್ತಿದ್ದ. ಆ 270 ಹೋಯಿತು, ಮೇಲೆ 30 ಹೋಯಿತು, ಒಟ್ಟು 300 ನಷ್ಟ.

ನೂರು ಕೂಪನ್ ಖರ್ಚಾಗಿ ಅದರಲ್ಲಿ ಹತ್ತು ಜನ ಮಾತ್ರ ಹಳಬರಾದರೆ ನಷ್ಟ 5,700 ರೂಪಾಯಿ. ಧೋಲಕಿಯಾ ಕಂಡಂತೆ ಕೂಪನ್‌ದಾರರಲ್ಲಿ ಪೂರ್ತಿ ಬೆಲೆ ಕೊಟ್ಟು ಮತ್ತೆ ಬರುವವರು ನೂರಕ್ಕೆ ಸುಮಾರು ಇಪ್ಪತ್ತು. ಉಳಿದ 90 ಹೊಸಬರಲ್ಲಿ 18 ಜನ ಹಾಗೆ ಬಂದರೆ, ತಲಾ ಒಂದು ಊಟಕ್ಕಿಂತ ಸ್ವಲ್ಪ ಹೆಚ್ಚು ಉಂಡರೂ ಅಸಲು ಹುಟ್ಟಿತು. ಹಳಬರು ನಲವತ್ತಾದರೆ ಲೆಕ್ಕವೇ ಬೇರೆ. ನಷ್ಟ 13,800. ಮರಳಿ ಬರುವ ಹೊಸಬರು ಹನ್ನೆರಡೇ ಜನ, ಒಬ್ಬೊಬ್ಬರೂ ನಾಲ್ಕು ಸಲಕ್ಕಿಂತ ಹೆಚ್ಚು ಬಂದು ಪೂರ್ತಿ ಬಿಲ್ ಕೊಡಬೇಕು. ಇಡೀ ವ್ಯವಹಾರದ ಕೀಲಿ ಇರುವುದು ರಿಯಾಯಿತಿಯ ಶೇಕಡಾವಾರಿನಲ್ಲಿ ಅಲ್ಲ, ಈ ಹಳಬರ ಸಂಖ್ಯೆಯಲ್ಲಿ.

ಅರ್ಥಶಾಸ್ತ್ರಜ್ಞರ ಭಾಷೆಯಲ್ಲಿ ಇದು ಬೆಲೆ ತಾರತಮ್ಯ: ಕೊಡಬಲ್ಲವನಿಂದ ಪೂರ್ತಿ, ಹಿಂದೆಮುಂದೆ ನೋಡುವವನಿಂದ ಅರ್ಧ. ಇಬ್ಬರೂ ಬೇರೆ ಬೇರೆ ಜನ ಆಗಿದ್ದರೆ ಮಾತ್ರ ಇದು ನಡೆಯುತ್ತದೆ. ಬೆಂಗಳೂರಿನ ಇಂದಿರಾನಗರದ ಹೋಟೆಲಿಗೆ ರಾಜಾಜಿನಗರದವನು ಅಪರಿಚಿತನೇ, ಡೀಲ್ ಇಲ್ಲದಿದ್ದರೆ ಆ ಟ್ರಾಫಿಕ್‌ನಲ್ಲಿ ಅವನು ಅತ್ತ ತಲೆ ಹಾಕುವವನಲ್ಲ. ವಿದ್ಯಾನಗರಕ್ಕೆ ದುರ್ಗಿಗುಡಿ, ಗೋಪಾಳ, ವಿನೋಬನಗರ ಎಲ್ಲವೂ ಹತ್ತು-ಹದಿನೈದು ನಿಮಿಷದ ದಾರಿ. ಊಟಕ್ಕೆ 400 ಕೊಡುವಷ್ಟು ಅನುಕೂಲ ಇರುವವರಲ್ಲಿ ಬಹುಪಾಲು ಜನ ಆಗಲೇ ಒಮ್ಮೆಯಾದರೂ ಉಂಡಿರುತ್ತಾರೆ. ನಿಜವಾದ ಹೊಸಬರು ಬೇಕೆಂದರೆ ಭದ್ರಾವತಿಯಿಂದ ಬರಬೇಕು, ಉಳಿಸಿದ 200ರಲ್ಲಿ ಅವರ ಪೆಟ್ರೋಲಿಗೂ ಒಂದು ಪಾಲು ಹೋಗುತ್ತದೆ. ನನ್ನ ಮಟ್ಟಿಗೆ, ಈ ಸೈಟುಗಳ ಆಟ ಮಹಾನಗರಗಳಲ್ಲೇ ಜೋರಾಗಿ ನಡೆದದ್ದಕ್ಕೆ ಇಂಟರ್‌ನೆಟ್ಟಿನ ವೇಗಕ್ಕಿಂತ ಇದೇ ದೊಡ್ಡ ಕಾರಣ.

ಮಹಾನಗರಗಳಲ್ಲೂ ಅದು ಸಲೀಸಾಗಿಯೇನೂ ನಡೆಯಲಿಲ್ಲ. 2010ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ದಿನಕ್ಕೊಂದು ಡೀಲ್ ಮಾರಲು ಶುರುಮಾಡಿದ ಸ್ನ್ಯಾಪ್‌ಡೀಲ್, ಅದೇ ವರ್ಷ ಬೆಂಗಳೂರಿನ ಗ್ರ್ಯಾಬಾನ್ ಸೈಟನ್ನು ಕೊಂಡುಕೊಂಡಿತು. ಮರುವರ್ಷದ ಕೊನೆಗೆ ಕೂಪನ್ ಬದಿಗಿಟ್ಟು ವಸ್ತುಗಳ ಮಾರಾಟಕ್ಕೆ ಇಳಿಯಿತು. ಗ್ರೂಪಾನ್‌ನ ಭಾರತದ ಶಾಖೆ 2013ರಲ್ಲಿ ಈರುಳ್ಳಿ ಬೆಲೆ ಗಗನಕ್ಕೇರಿದ್ದಾಗ ಕಿಲೋಗೆ 9 ರೂಪಾಯಿಯಂತೆ ಮಾರಿತು, ನೂಕುನುಗ್ಗಲಿಗೆ ಸೈಟೇ ಕುಸಿದುಬಿತ್ತು. ಅದು ಈರುಳ್ಳಿ ವ್ಯಾಪಾರವಲ್ಲ, ಜಾಹೀರಾತಿನ ಖರ್ಚು. 2015ರಲ್ಲಿ ಆ ಶಾಖೆ ನಿಯರ್‌ಬೈ ಎಂದು ಹೆಸರು ಬದಲಿಸಿಕೊಂಡು ಬೇರೆಯಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಲಿಟಲ್ ಎಂಬ ಆ್ಯಪ್ 5 ಕೋಟಿ ಡಾಲರ್ ಬಂಡವಾಳದೊಂದಿಗೆ ಇಳಿಯಿತು. 2017ರ ಡಿಸೆಂಬರಿನಲ್ಲಿ ಎರಡನ್ನೂ ಪೇಟಿಎಂ ಒಂದುಗೂಡಿಸಿತು.

ಅಂಗಡಿಯವರ ಕೈ ಕಚ್ಚಿದ ಕಥೆಗಳಲ್ಲಿ ಇಂಗ್ಲೆಂಡಿನ ರೀಡಿಂಗ್ ಊರಿನ ಬೇಕರಿಯದು ಪ್ರಸಿದ್ಧ. 2011ರಲ್ಲಿ 26 ಪೌಂಡಿನ ಒಂದು ಡಜನ್ ಕಪ್‌ಕೇಕನ್ನು ಆರೂವರೆ ಪೌಂಡಿಗೆ ಬಿಟ್ಟರು, ಎಷ್ಟು ಕೂಪನ್ ಎಂಬ ಮಿತಿ ಹಾಕಲಿಲ್ಲ. ಕೊಂಡವರು 8,500 ಜನ. ಒಂದು ಲಕ್ಷಕ್ಕೂ ಮೀರಿದ ಕೇಕು! ಹೊರಗಿನಿಂದ ಆಳುಗಳನ್ನು ಕರೆಸಿ ರಾತ್ರಿಹಗಲು ಬೇಯಿಸಿದ ಬೇಕರಿಗೆ ಉಳಿದದ್ದು 12,500 ಪೌಂಡು ನಷ್ಟ. ಅಲ್ಲಿ ಖಾಲಿ ಕುರ್ಚಿಯೇ ಇರಲಿಲ್ಲ, ಪ್ರತಿ ಕೇಕಿಗೂ ಹೊಸದಾಗಿ ಹಿಟ್ಟು, ಬೆಣ್ಣೆ, ಕೂಲಿ ಬೇಕಿತ್ತು. ಇದೇ ಕಾರಣಕ್ಕೆ ಧೋಲಕಿಯಾರ 2010ರ ಅಧ್ಯಯನದಲ್ಲಿ ಸ್ಪಾ, ಸಲೂನುಗಳು ಚೆನ್ನಾಗಿ ಪಾರಾದವು, ಸೇವಾ ವ್ಯಾಪಾರಗಳಲ್ಲಿ ಹೋಟೆಲುಗಳೇ ಎಲ್ಲಕ್ಕಿಂತ ಹಿಂದೆ. ಬ್ಯೂಟಿ ಪಾರ್ಲರಿನಲ್ಲಿ ಸಾವಿರ ರೂಪಾಯಿಯ ಫೇಶಿಯಲ್ಲಿಗೆ ಹಿಡಿಯುವ ಕ್ರೀಮು ನೂರೈವತ್ತರದು ಎಂದುಕೊಂಡರೆ, ಡೀಲಿನಲ್ಲಿ 250 ಕೈಗೆ ಬಂದರೂ ನೂರು ಉಳಿಯುತ್ತದೆ. ಮಧ್ಯಾಹ್ನ ಕೆಲಸವಿಲ್ಲದೆ ಕೂತ ಹುಡುಗಿಗೆ ಸಂಬಳ ಹೇಗೂ ಕೊಡಲೇಬೇಕು.

ಈಗ ಕೂಪನ್ನನ್ನು ಮುಂಗಡ ಕೊಳ್ಳುವ ಕಾಲ ಹೆಚ್ಚುಕಮ್ಮಿ ಮುಗಿದಿದೆ. ಊಟ ಮುಗಿಸಿ ಆ್ಯಪಿನಲ್ಲೇ ಬಿಲ್ ಕಟ್ಟಿದರೆ ಶೇಕಡಾ ಇಷ್ಟು ಕಡಿತ ಎನ್ನುವುದು ಹೊಸ ರೂಪ. ನಡುವೆ ಜೊಮ್ಯಾಟೊ ಗೋಲ್ಡ್ ಬಂದಿತ್ತು, 2017ರಲ್ಲಿ. ಸದಸ್ಯರಿಗೆ ಒಂದು ತಟ್ಟೆ ಕೊಂಡರೆ ಇನ್ನೊಂದು ಬಿಟ್ಟಿ. ಸದಸ್ಯತ್ವದ ಶುಲ್ಕ ಆ್ಯಪಿಗೆ, ಬಿಟ್ಟಿ ತಟ್ಟೆಯ ಖರ್ಚು ಹೋಟೆಲಿಗೆ. 2019ರ ಆಗಸ್ಟಿನಲ್ಲಿ ಗುರುಗ್ರಾಮದಿಂದ ಶುರುವಾಗಿ ಬೆಂಗಳೂರಿನವರೆಗೂ ಹೋಟೆಲಿನವರು ಗುಂಪುಗುಂಪಾಗಿ ಇಂಥ ಯೋಜನೆಗಳಿಂದ ಹೊರಬಂದದ್ದಕ್ಕೆ ಮೇಲಿನ 30 ಮತ್ತು 300ರ ಲೆಕ್ಕಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಪೆಟ್ಟು ತಿಂದವರು ಕಲಿತದ್ದು ಇವತ್ತಿನ ಆಫರುಗಳ ಷರತ್ತುಗಳಲ್ಲಿ ಕಾಣುತ್ತದೆ. ‘ಸೋಮವಾರದಿಂದ ಗುರುವಾರ, 3ರಿಂದ 6’ ಅಂದರೆ ಖಾಲಿ ಕುರ್ಚಿ ಮಾತ್ರ ಮಾರಾಟಕ್ಕೆ. ‘ಮೊದಲ 100 ಮಂದಿಗೆ’ ಅಂದರೆ ರೀಡಿಂಗ್ ಬೇಕರಿಯ ಗತಿ ಬೇಡ. ‘ಹೊಸ ಗ್ರಾಹಕರಿಗೆ ಮಾತ್ರ’ ಎಂಬುದು ಎಲ್ಲಕ್ಕಿಂತ ಬೆಲೆಬಾಳುವ ಷರತ್ತು, ಜಾರಿಗೆ ತರುವುದೂ ಅಷ್ಟೇ ಕಷ್ಟ. ಆ್ಯಪು ಹೊಸಬರನ್ನು ಗುರುತಿಸುವುದು ಮೊಬೈಲ್ ನಂಬರಿನಿಂದ, ಗಂಡನ ನಂಬರು ಹಳತಾದರೆ ಹೆಂಡತಿಯದು ಹೊಸದೇ. ವಿದ್ಯಾನಗರದ ಯಜಮಾನನಿಗೆ ನಂಬರು ಬೇಡ, ಮುಖ ನೋಡಿದರೆ ಸಾಕು. ಆದರೆ ಹತ್ತು ವರ್ಷದಿಂದ ಬರುತ್ತಿರುವ ಮೇಷ್ಟ್ರು ಕೂಪನ್ ತೋರಿಸಿದಾಗ ‘ನಿಮಗಿಲ್ಲ ಸಾರ್’ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ.