ಸಂಪಾಜೆಯ ನೆನಪಿನಲ್ಲಿ ಇನ್ನೂ ವಾರ್ತೆ ಓದುತ್ತಿರುವವರು

ಸಂಪಾಜೆ: 'ಮೊದಲಿಗೆ ಮುಖ್ಯಾಂಶಗಳು' ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯ ಗದ್ದಲವೆಲ್ಲ ನಿಲ್ಲುತ್ತಿದ್ದ ಕಾಲವೊಂದಿತ್ತು. ಟಿ.ವಿ. ಇದ್ದ ಮನೆಯ ಜಗಲಿಗೆ ನೆರೆಮನೆಯವರೂ ಬಂದು ಕೂರುತ್ತಿದ್ದ ಆ ಸಂಜೆಗಳನ್ನು ಕಂಡವರು ಈಗ ಐವತ್ತು ದಾಟಿದ್ದಾರೆ. ಅವರನ್ನು ಮಾತಿಗೆಳೆದರೆ ಅಂದಿನ ಸುದ್ದಿ ಏನಿತ್ತೆಂಬುದು ಬಹುತೇಕ ಮರೆತೇ ಹೋಗಿರುತ್ತದೆ. ಸುದ್ದಿ ಓದಿದವರ ಮುಖ, ಕಂಠ, ಸೀರೆಯ ಅಂಚು, ಮುಡಿದ ಹೂವು ಮಾತ್ರ ಅಚ್ಚಳಿಯದೆ ಉಳಿದಿರುತ್ತದೆ.

ರಾಜ್ಯದ ಯಾವ ಊರಿನಲ್ಲಾದರೂ ಕಾಣಬಹುದಾದ ಸಂಗತಿ ಇದು. ಆದರೆ ಕೊಡಗಿನ ಪಶ್ಚಿಮದ ಅಂಚಿನಲ್ಲಿ, ಘಟ್ಟದ ಬುಡದಲ್ಲಿರುವ ಸಂಪಾಜೆಯಂತಹ ಊರಿನಲ್ಲಿ ಈ ಅಕ್ಕರೆಗೆ ತನ್ನದೇ ಆದ ಕಾರಣಗಳಿವೆ. ಒಂದು ಗುಡ್ಡ, ಇನ್ನೊಂದು ಭಾಷೆ.

ಗುಡ್ಡದ ಮರೆಯಲ್ಲಿ

ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 275 ಮದೆನಾಡು, ಜೋಡುಪಾಲ, ಕೊಯನಾಡುಗಳನ್ನು ಹಾದು ಒಂದೇ ಸಮನೆ ಇಳಿಯುತ್ತ ಸಂಪಾಜೆ ತಲುಪುತ್ತದೆ. ಅಲ್ಲಿಂದ ಮುಂದೆ ಸುಳ್ಯ, ಪುತ್ತೂರು. ಪಯಸ್ವಿನಿಯ ದಡದ ಈ ಊರಿನ ಸುತ್ತ ಕಾಡು ಮತ್ತು ಗುಡ್ಡ. ದೂರದರ್ಶನದ ಭೂಪ್ರಸಾರದ ಅಲೆಗಳಾದರೋ ನೇರ ಹಾದಿಯಲ್ಲಿ ಚಲಿಸುವಂಥವು. ನಡುವೆ ಗುಡ್ಡ ಅಡ್ಡ ಬಂದರೆ ಅದರ ಮರೆಯಲ್ಲಿರುವ ಮನೆಗೆ ಚಿತ್ರ ತಲುಪುವುದಿಲ್ಲ. ತಲುಪಿದರೂ ಪರದೆಯ ತುಂಬ ಚುಕ್ಕೆಗಳ ಮಳೆ. ಹೀಗಾಗಿ ಬಯಲುಸೀಮೆಯ ಪಟ್ಟಣದವರಿಗೆ ಗುಂಡಿ ಒತ್ತಿದರೆ ಸಿಗುತ್ತಿದ್ದ ವಾರ್ತೆ ಇಲ್ಲಿಯವರಿಗೆ ದುಡಿದು ಪಡೆಯಬೇಕಾದ ವಸ್ತುವಾಗಿತ್ತು. ಬಿದಿರಿನ ಗಳಕ್ಕೋ ಅಡಿಕೆ ಮರದ ಕಂಬಕ್ಕೋ ಆಂಟೆನಾ ಬಿಗಿದು, ಒಬ್ಬರು ಹೊರಗೆ ಮಳೆಯಲ್ಲಿ ನಿಂತು ಅದನ್ನು ತಿರುಗಿಸಬೇಕು. ಒಳಗಿನವರು 'ಬಂತು', 'ಹೋಯಿತು' ಎಂದು ಕೂಗಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಸರತ್ತು ನಡೆಯುತ್ತಲೇ ಇರುತ್ತಿತ್ತು. ಅಷ್ಟೆಲ್ಲ ಆದ ಮೇಲೆ ಪರದೆಯ ಮೇಲೆ ನಿಚ್ಚಳವಾಗಿ ಮೂಡುತ್ತಿದ್ದ ಮುಖ ಮರೆತುಹೋಗುವುದಾದರೂ ಹೇಗೆ?

ಕರ್ನಾಟಕಕ್ಕೆ ಟಿ.ವಿ. ಕಾಲಿಟ್ಟದ್ದು ರಾಜಧಾನಿಯ ಮೂಲಕವಲ್ಲ ಎಂಬುದು ಅನೇಕರಿಗೆ ತಿಳಿಯದ ಸಂಗತಿ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ಗುಲಬರ್ಗಾ, ರಾಯಚೂರು, ವಿಜಾಪುರದ ಹಳ್ಳಿಗಳು ಮೊದಲು ಟಿ.ವಿ. ಕಂಡವು. 1977ರಲ್ಲಿ ಗುಲಬರ್ಗಾಕ್ಕೆ ಪ್ರಸಾರ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಆರಂಭಗೊಂಡದ್ದು 1981ರ ನವೆಂಬರ್ 1ರಂದು, ಅಂದರೆ ರಾಜ್ಯೋತ್ಸವದ ದಿನ. ಮರುವರ್ಷ ದೆಹಲಿಯ ಏಷ್ಯಾಡ್ ಕ್ರೀಡಾಕೂಟದೊಂದಿಗೆ ಬಣ್ಣ ಬಂತು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ನಂತರ, 1984ರಲ್ಲಿ ದೇಶದಾದ್ಯಂತ ಹೆಚ್ಚುಕಡಿಮೆ ದಿನಕ್ಕೊಂದರಂತೆ ಮರುಪ್ರಸಾರ ಕೇಂದ್ರಗಳು ತಲೆ ಎತ್ತಿದವು.

ಆದರೆ ಬೆಂಗಳೂರಿನಿಂದ ದೂರವಿದ್ದ ಕಿರು ಕೇಂದ್ರಗಳು ಮೊದಮೊದಲು ಬಹುಮಟ್ಟಿಗೆ ಬಿತ್ತರಿಸುತ್ತಿದ್ದುದು ದೆಹಲಿಯ ಕಾರ್ಯಕ್ರಮಗಳನ್ನು. ಘಟ್ಟದ ಆಚೀಚಿನ ಹಳೆಯ ವೀಕ್ಷಕರ ನೆನಪಿನಲ್ಲಿ ಕನ್ನಡದವರಿಗಿಂತ ಮುಂಚೆ ದೆಹಲಿಯವರು ಸಾಲಾಗಿ ಬರುವುದಕ್ಕೆ ಇದೇ ಕಾರಣ. ಕಿವಿಯ ಬಳಿ ಗುಲಾಬಿ ಮುಡಿದು ಬರುತ್ತಿದ್ದ ಸಲ್ಮಾ ಸುಲ್ತಾನ್, ಗಡ್ಡದ ಮುಖದ ಗಂಭೀರ ಕಂಠದ ತೇಜೇಶ್ವರ ಸಿಂಗ್, ಅಳೆದು ತೂಗಿ ಇಂಗ್ಲಿಷ್ ನುಡಿಯುತ್ತಿದ್ದ ಗೀತಾಂಜಲಿ ಅಯ್ಯರ್, ಹಿಂದಿಯ ಶಮ್ಮಿ ನಾರಂಗ್. ಹಿಂದಿಯೂ ಇಂಗ್ಲಿಷೂ ಬಾರದ ಅಜ್ಜಿಯಂದಿರು ಕೂಡ ಇವರನ್ನು ಕುತೂಹಲದಿಂದ ನೋಡುತ್ತಿದ್ದರು. 1984ರ ಅಕ್ಟೋಬರ್ 31ರ ಸಂಜೆ ಇಂದಿರಾ ಗಾಂಧಿ ಹತ್ಯೆಯ ಸುದ್ದಿಯನ್ನು ದೇಶಕ್ಕೆ ಟಿ.ವಿ.ಯಲ್ಲಿ ಓದಿ ಹೇಳಿದವರು ಸಲ್ಮಾ ಸುಲ್ತಾನ್. ತೇಜೇಶ್ವರ ಸಿಂಗ್ 2007ರಲ್ಲಿ, ಗೀತಾಂಜಲಿ ಅಯ್ಯರ್ 2023ರ ಜೂನ್‌ನಲ್ಲಿ ತೀರಿಕೊಂಡಾಗ, ತಮ್ಮ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮಾತನಾಡಿದವರು ದೇಶದೆಲ್ಲೆಡೆ ಇದ್ದರು.

ಹಲವು ಮನೆಮಾತು, ಒಂದು ವಾರ್ತೆ

ಇನ್ನು ಭಾಷೆಯ ವಿಚಾರ. ಸಂಪಾಜೆ ಎಂಬ ಹೆಸರಿನ ಗ್ರಾಮ ಎರಡಿದೆ: ಒಂದು ಕೊಡಗಿನದು, ಅದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನದು. ಕೇರಳದ ಕಾಸರಗೋಡು ಜಿಲ್ಲೆಯೂ ದೂರವೇನಲ್ಲ. ಇಲ್ಲಿನ ಮನೆಗಳಲ್ಲಿ ಅರೆಭಾಷೆ, ತುಳು, ಮಲಯಾಳ ಕೇಳಿಸುತ್ತದೆ. ಸುಳ್ಯ ಕಡೆಯ ರಬ್ಬರ್ ತೋಟಗಳಿಗೆ ಬಂದರೆ ಶ್ರೀಲಂಕಾದಿಂದ ಮರಳಿದ ಕುಟುಂಬಗಳ ತಮಿಳು, ಘಟ್ಟ ಹತ್ತಿದರೆ ಕೊಡವ ಭಾಷೆ. ಪುಸ್ತಕದಲ್ಲಿರುವಂತಹ ಕನ್ನಡವನ್ನು ಮನೆಯಲ್ಲಿ ಆಡುವವರು ಕಡಿಮೆ. ಅದು ಶಾಲೆಯ ಮಾಸ್ತರರ ಬಾಯಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಮತ್ತು ವಾರ್ತೆಯಲ್ಲಿ ಮಾತ್ರ ಕೇಳುತ್ತಿದ್ದ ಕನ್ನಡ.

ಯಕ್ಷಗಾನದ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ತೆಂಕುತಿಟ್ಟಿನ ಹೆಸರಾಂತ ವೇಷಧಾರಿ ಸಂಪಾಜೆ ಶೀನಪ್ಪ ರೈ ಅವರಿಂದಾಗಿ ಊರಿನ ಹೆಸರು ಕರಾವಳಿಯ ರಂಗಸ್ಥಳಗಳಲ್ಲೆಲ್ಲ ಪರಿಚಿತ. ತಾಳಮದ್ದಳೆಯ ಅರ್ಥಗಾರಿಕೆಯನ್ನು ಇರುಳಿಡೀ ಕೇಳಿ ಪಳಗಿದ ಕಿವಿಗಳು ಒಂದು ಅಲ್ಪಪ್ರಾಣ ತಪ್ಪಿದರೂ ಗುರುತಿಸುತ್ತವೆ. ಅಂತಹ ಕೇಳುಗರು ವಾರ್ತಾವಾಚಕರನ್ನು ಅಳೆದದ್ದೂ ಅದೇ ಅಳತೆಗೋಲಿನಿಂದ. ಉಸಿರು ಎಲ್ಲಿ ಎಳೆದುಕೊಂಡರು, ಒತ್ತಕ್ಷರ ಸರಿಯಾಗಿ ಬಂತೇ, ದುಃಖದ ಸುದ್ದಿಯಲ್ಲಿ ದನಿ ಇಳಿಯಿತೇ ಎಂಬುದೆಲ್ಲ ಜಗಲಿಯಲ್ಲಿ ಚರ್ಚೆಗೆ ಬರುವ ವಿಷಯಗಳಾಗಿದ್ದವು.

ಈ ಕಿವಿಯನ್ನು ಮೊದಲು ಹದಗೊಳಿಸಿದ್ದು ರೇಡಿಯೊ ಎನ್ನಬೇಕು. ಮಂಗಳೂರು ಆಕಾಶವಾಣಿ 1976ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಬಳಿಕ ಮಡಿಕೇರಿಗೂ ಎಫ್.ಎಂ. ಕೇಂದ್ರ ಬಂತು. ಬೆಳಗಿನ 7.35ಕ್ಕೆ ದೆಹಲಿಯಿಂದ ಬರುತ್ತಿದ್ದ ಕನ್ನಡ ವಾರ್ತೆಯಲ್ಲಿ 'ಓದುತ್ತಿರುವವರು ರಂಗರಾವ್' ಎಂದು ಕೇಳಿದ ಮೇಲೆಯೇ ಹಲವು ಮನೆಗಳಲ್ಲಿ ಮಕ್ಕಳು ಶಾಲೆಗೆ ಹೊರಡುತ್ತಿದ್ದರು. ಸಂಸ್ಕೃತದ ಒಂದು ವಾಕ್ಯವೂ ತಿಳಿಯದ ಹುಡುಗರು 'ಪ್ರವಾಚಕಃ ಬಲದೇವಾನಂದ ಸಾಗರಃ' ಎಂದು ರಾಗವಾಗಿ ಅಣಕಿಸುತ್ತಿದ್ದುದು ರಾಜ್ಯದ ಎಲ್ಲ ಶಾಲೆಗಳ ಕಥೆ. ಅಣಕವೂ ಒಂದು ಬಗೆಯ ಗೌರವವೇ ತಾನೆ!

ಬೆಂಗಳೂರು ದೂರದರ್ಶನದ ಕನ್ನಡ ಕಾರ್ಯಕ್ರಮಗಳು 1990ರ ದಶಕದಲ್ಲಿ ಉಪಗ್ರಹದ ಮೂಲಕ ರಾಜ್ಯವಿಡೀ ತಲುಪತೊಡಗಿದಾಗ ಈ ಪರಂಪರೆಗೆ ಮುಖ ದೊರೆಯಿತು. ಮುಂದೆ 'ಚಂದನ' ಎಂದು ಹೆಸರಾದ ಆ ವಾಹಿನಿಯಲ್ಲಿ ವಾರ್ತೆ ಓದುವವರಿಗೂ ಕಾರ್ಯಕ್ರಮ ನಿರೂಪಿಸುವವರಿಗೂ ನಡುವೆ ವೀಕ್ಷಕರು ದೊಡ್ಡ ಗೆರೆಯನ್ನೇನೂ ಎಳೆಯುತ್ತಿರಲಿಲ್ಲ. ಇಬ್ಬರೂ 'ಟಿ.ವಿ.ಯಲ್ಲಿ ಚೆಂದ ಕನ್ನಡ ಮಾತನಾಡುವವರು'. ಆ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ನೆನೆಯಲ್ಪಡುವವರು ಅಪರ್ಣಾ. ಪುಟ್ಟಣ್ಣ ಕಣಗಾಲ್ ಅವರ 'ಮಸಣದ ಹೂವು' ಚಿತ್ರದಿಂದ ಬೆಳಕಿಗೆ ಬಂದ ಅವರು ದೂರದರ್ಶನದ ನಿರೂಪಕಿಯಾಗಿ ಮನೆಮಾತಾದರು. ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ದನಿಯೂ ಅವರದೇ. 2024ರ ಜುಲೈ 11ರಂದು ಅವರು ಕ್ಯಾನ್ಸರ್‌ನಿಂದ ನಿಧನರಾದಾಗ ರಾಜ್ಯದ ಮೂಲೆಮೂಲೆಯಿಂದ ಬಂದ ಸಂತಾಪದ ಮಾತುಗಳಲ್ಲಿ ನಟನೆಗಿಂತ ಹೆಚ್ಚಾಗಿ ಪ್ರಸ್ತಾಪವಾದದ್ದು ಅವರ ಉಚ್ಚಾರಣೆ. ಒಬ್ಬ ನಿರೂಪಕಿಯನ್ನು ನಾಡು ಅವರ ಒತ್ತಕ್ಷರಗಳಿಗಾಗಿ ನೆನೆಯಿತು ಎಂದರೆ ಅದು ಸಣ್ಣ ಮಾತಲ್ಲ.

'ವಾಯುಭಾರ ಕುಸಿತ', 'ಬೆಂಬಲ ಬೆಲೆ', 'ಸರ್ವೋಚ್ಚ ನ್ಯಾಯಾಲಯ', 'ಅಧಿಸೂಚನೆ' ಮುಂತಾದ ಪದಗಳು ಅಡಿಕೆ ಬೆಳೆಗಾರನ ದಿನಬಳಕೆಗೆ ಬಂದದ್ದು ಬಹುಪಾಲು ವಾರ್ತೆಯ ದಾರಿಯಿಂದಲೇ. ಅರೆಭಾಷೆಯ ಮನೆಯವರೂ ತುಳುವಿನ ಮನೆಯವರೂ ಒಂದೇ ಜಗಲಿಯಲ್ಲಿ ಕೂತು ಕೇಳಿದ ಕನ್ನಡ ಅದು. ಭಾಷಾನೀತಿಗಳ ಬಗ್ಗೆ ಎಷ್ಟೋ ಚರ್ಚೆಗಳಾಗಿವೆ, ಈ ಜಗಲಿಯ ಪಾಠವನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕಡಿಮೆ.

ಓದುವವರಿಂದ ನಡೆಸಿಕೊಡುವವರತ್ತ

ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ಉದಯ ಟಿವಿ ಆರಂಭವಾದದ್ದು 1994ರಲ್ಲಿ. ಡಿಶ್ ಮತ್ತು ಕೇಬಲ್ ಬಂದ ಮೇಲೆ ಗುಡ್ಡದ ಅಡ್ಡಿ ತಪ್ಪಿತು, ಆಂಟೆನಾ ತಿರುಗಿಸುವ ಕೆಲಸವೂ ತಪ್ಪಿತು. ಖಾಸಗಿ ವಾರ್ತೆಯ ರುಚಿ ರಾಜ್ಯಕ್ಕೆ ಹತ್ತಿದ್ದು, ಬಹುಶಃ, 2000ರ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ. ನವೆಂಬರ್ 15ರಂದು ಬಿಡುಗಡೆಯಾಗುವವರೆಗಿನ 108 ದಿನ ಕನ್ನಡಿಗರು ವಾರ್ತೆಯ ಹೊತ್ತಿಗಾಗಿ ಕಾದು ಕೂತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಬಂತು. ಹೈದರಾಬಾದಿನಲ್ಲಿ ಕೂತು ಕನ್ನಡ ನಾಡಿಗೆ ವಾರ್ತೆ ಓದುತ್ತಿದ್ದ ಗೌರೀಶ್ ಅಕ್ಕಿ ಮುಂತಾದವರನ್ನು ಜನ ಬೆಂಗಳೂರಿನಲ್ಲೇ ಇರುವವರೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಇತ್ತ ಮಂಗಳೂರಿನ ಕೇಬಲ್ ಜಾಲದಲ್ಲಿ 'ನಮ್ಮ ಕುಡ್ಲ' ವಾಹಿನಿ ತುಳುವಿನಲ್ಲೇ ವಾರ್ತೆ ಓದಿಸಿ ಇನ್ನೊಂದು ಬಾಗಿಲು ತೆರೆಯಿತು.

2006ರ ಡಿಸೆಂಬರ್‌ನಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಎಚ್.ಆರ್. ರಂಗನಾಥ್ ಅವರ ಪಬ್ಲಿಕ್ ಟಿವಿ ಬಂದವು. ವಾರ್ತೆ ಇಪ್ಪತ್ತನಾಲ್ಕು ಗಂಟೆಯದಾಯಿತು. 'ವಾಚಕ' ಹೋಗಿ 'ಆ್ಯಂಕರ್' ಬಂದರು. ಹಳಬರು ಕಾಗದದಿಂದ ಓದಿ, ವಾಕ್ಯದ ಕೊನೆಗೆ ತಲೆ ಎತ್ತಿ ನೋಡುತ್ತಿದ್ದರು. ಆ ನೋಟಕ್ಕೂ ಒಂದು ತೂಕವಿತ್ತು. ಹೊಸಬರು ಪ್ರಶ್ನೆ ಕೇಳಬೇಕು, ವಾದಿಸಬೇಕು, ಗಂಟೆಗಟ್ಟಲೆ ಸಿದ್ಧಪಠ್ಯವಿಲ್ಲದೆ ಮಾತನಾಡಬೇಕು. ಇದು ಸುಲಭದ ಕೆಲಸವೆಂದು ಯಾರೂ ಹೇಳಲಾರರು. ರೆಹಮಾನ್, ಹಮೀದ್ ಪಾಳ್ಯ, ಮುಂದೆ ಚಿತ್ರ ನಿರ್ದೇಶನಕ್ಕೂ ಇಳಿದ ಶೀತಲ್ ಶೆಟ್ಟಿ ಅವರಂತಹ ಮುಖಗಳಿಗೆ ಆ ಪೀಳಿಗೆಯ ವೀಕ್ಷಕರಲ್ಲಿ ಅಭಿಮಾನಿಗಳೂ ಇದ್ದರು. ಆದರೆ ಒಂದೇ ವಾಹಿನಿಯಲ್ಲಿ ದಿನಕ್ಕೆ ಹತ್ತಾರು ಮುಖ ಬಂದು ಹೋಗುವಾಗ, ಕಾದು ಕೂತು ನೋಡಿದ ಒಂದು ಮುಖಕ್ಕೆ ಸಲ್ಲುತ್ತಿದ್ದ ಅಕ್ಕರೆ ಹಂಚಿಹೋಗುವುದು ಸಹಜ. ಉದಯ ವಾಹಿನಿ ಬಳಗದ ಸುದ್ದಿವಾಹಿನಿಯಾದ ಉದಯ ನ್ಯೂಸ್ 2017ರ ಅಕ್ಟೋಬರ್‌ನಲ್ಲಿ ಪ್ರಸಾರವನ್ನೇ ನಿಲ್ಲಿಸಿತು.

ಊರೇ ಸುದ್ದಿಯಾದಾಗ

ದಶಕಗಳ ಕಾಲ ವಾರ್ತೆ ನೋಡಿದ ಸಂಪಾಜೆ 2018ರ ಆಗಸ್ಟ್‌ನಲ್ಲಿ ತಾನೇ ವಾರ್ತೆಯಾಯಿತು. ಮಹಾಮಳೆಗೆ ಜೋಡುಪಾಲ, ಮದೆನಾಡು, ಮೊಣ್ಣಂಗೇರಿ ಸುತ್ತ ಗುಡ್ಡಗಳು ಕುಸಿದು ಮಡಿಕೇರಿ ರಸ್ತೆ ವಾರಗಟ್ಟಲೆ ಬಂದ್ ಆಯಿತು. ಮನೆ ಬಿಟ್ಟು ಬಂದವರಿಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಆಶ್ರಯ ನೀಡಲಾಯಿತು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಸುಳ್ಯ ಭಾಗದಲ್ಲಿ ಭೂಮಿ ಹಲವು ಬಾರಿ ಕಂಪಿಸಿದಾಗ ಮತ್ತೆ ಕ್ಯಾಮೆರಾಗಳು ಇತ್ತ ತಿರುಗಿದವು.

ಹಳೆಯ ವಾಚಕರ ಉಚ್ಚಾರಣೆ, ನಿಖರತೆಗಳ ಬೆಲೆ ಸೌಂದರ್ಯದ ಮಾತಷ್ಟೇ ಅಲ್ಲ ಎಂಬುದು ತಿಳಿಯುವುದು ಇಂತಹ ಹೊತ್ತಿನಲ್ಲಿ. 'ಸಂಪಾಜೆ ಘಾಟಿಯಲ್ಲಿ ಕುಸಿತ' ಎಂಬ ಸಾಲಿನಲ್ಲಿ 'ಘಾಟಿ' ಎಂಬ ಒಂದು ಪದ ಬಿಟ್ಟುಹೋದರೆ ಸಾಕು, ಹತ್ತಾರು ಕಿಲೋಮೀಟರ್ ಕೆಳಗಿರುವ ಊರೇ ಮುಳುಗಿತೆಂಬ ಅರ್ಥ ಬರುತ್ತದೆ. ಯಾವ ಜಿಲ್ಲೆಯ ಸಂಪಾಜೆ ಎಂದು ಹೇಳದಿದ್ದರೆ ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮಗ ಇರುಳಿಡೀ ಫೋನ್ ಹಿಡಿದು ಕೂರಬೇಕಾಗುತ್ತದೆ. ಊರಿನ ಹೆಸರನ್ನು ಸರಿಯಾಗಿ, ಒಮ್ಮೆ, ಗದ್ದಲವಿಲ್ಲದೆ ಹೇಳುವುದು ವಾರ್ತೆ ಓದುವ ಕೆಲಸದ ಅರ್ಧ ಭಾಗ. ಆ ಅರ್ಧವನ್ನು ಹಳಬರು ಚೆನ್ನಾಗಿ ಮಾಡುತ್ತಿದ್ದರೆಂಬ ಭಾವನೆಯೇ ಈ ನೆನಪುಗಳ ತಿರುಳು.

ಇಷ್ಟಾಗಿಯೂ ಆ ಓದನ್ನು ಇಂದಿನವರಿಗೆ ತೋರಿಸಬೇಕೆಂದರೆ ತೋರಿಸಲು ಹೆಚ್ಚೇನೂ ಉಳಿದಿಲ್ಲ. ವಾರ್ತೆ ನೇರಪ್ರಸಾರವಾಗುತ್ತಿತ್ತು, ಓದಿ ಮುಗಿದೊಡನೆ ಗಾಳಿಗೆ ಸೇರುತ್ತಿತ್ತು. ಟೇಪ್ ದುಬಾರಿಯಾಗಿದ್ದ ಕಾಲದಲ್ಲಿ ದಿನನಿತ್ಯದ ವಾರ್ತೆಯನ್ನು ಕಾಪಿಡುವ ಯೋಚನೆ ಅಷ್ಟಾಗಿ ಇರಲಿಲ್ಲ. ಪ್ರಸಾರ ಭಾರತಿ ಈಚಿನ ವರ್ಷಗಳಲ್ಲಿ ಹಳೆಯ ಸಂಗೀತ, ನಾಟಕ, ಸಂದರ್ಶನಗಳನ್ನು ಅಂತರ್ಜಾಲಕ್ಕೆ ಏರಿಸುತ್ತಿರುವುದು ನಿಜ. ಆದರೆ 1980-90ರ ದಶಕದ ಕನ್ನಡ ವಾರ್ತೆಯ ಪೂರ್ಣ ಸಂಚಿಕೆ ಸಿಗುವುದು ಅಪರೂಪ. ಆ ಅಲೆಗಳನ್ನು ಹೊತ್ತು ತಂದ ಭೂಪ್ರಸಾರ ಕೇಂದ್ರಗಳಲ್ಲಿಯೂ ಬಹುಪಾಲನ್ನು 2022ರ ಹೊತ್ತಿಗೆ ಹಂತಹಂತವಾಗಿ ಮುಚ್ಚಲಾಯಿತು.

ಉಳಿದಿದ್ದರೆ ಮನೆಗಳ ಅಟ್ಟದಲ್ಲಿ ಉಳಿದಿರಬೇಕು. ಸಿನಿಮಾವನ್ನೋ ಕ್ರಿಕೆಟ್ ಪಂದ್ಯವನ್ನೋ ವೀಡಿಯೊ ಕ್ಯಾಸೆಟ್‌ಗೆ ಇಳಿಸಿಕೊಳ್ಳುವಾಗ ಅದರ ಹಿಂದುಮುಂದಿನ ವಾರ್ತೆಯ ನಾಲ್ಕು ನಿಮಿಷವೂ ಅರಿಯದೆ ಸೇರಿಕೊಂಡಿರುವುದುಂಟು. ಅಂತಹ ತುಣುಕುಗಳೇ ಈಗ ದಾಖಲೆ. ಆದರೆ ಘಟ್ಟದ ತೇವಕ್ಕೆ ಕ್ಯಾಸೆಟ್‌ನ ಸುರುಳಿಗೆ ಬೂಷ್ಟು ಹಿಡಿಯುತ್ತದೆ, ಅದನ್ನು ಓಡಿಸುವ ಯಂತ್ರವೂ ಅಂಗಡಿಯಲ್ಲಿ ಸಿಗುವುದಿಲ್ಲ. ಮಂಗಳೂರು, ಮೈಸೂರಿನಂತಹ ಊರುಗಳ ಕೆಲವು ಸ್ಟುಡಿಯೊಗಳಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ಬದಲಿಸಿಕೊಡುವವರಿದ್ದಾರೆ. ಸಾಮಾನ್ಯವಾಗಿ ಜನ ತರುವುದು ಮದುವೆಯ ಕ್ಯಾಸೆಟ್. ಅದರ ಕೊನೆಯಲ್ಲಿ, ಊಟದ ದೃಶ್ಯ ಮುಗಿದ ಮೇಲೆ, ಹಿಂದೆ ಅದೇ ಸುರುಳಿಯಲ್ಲಿ ಮುದ್ರಿಸಿಕೊಂಡಿದ್ದ ಯಾವುದೋ ಸಂಜೆಯ ವಾರ್ತೆ ಅಳಿಯದೆ ಉಳಿದಿದೆಯೇ ಎಂದು ಒಮ್ಮೆ ನೋಡಿಯೇ ಕೊಡಬೇಕು.