ಮಳೆ ನಿಂತ ಮೇಲೂ ಹಳ್ಳ ಹರಿಯೋದು ಹೇಗೆ?

ಮಕ್ಕಳೇ, ತಾಂಡೂರಿನಿಂದ ಗಡಿ ದಾಟಿ ಚಿಂಚೋಳಿ ಕಡೆ ಹೋಗಿದ್ದೀರೇನು? ತೊಗರಿ ಹೊಲಗಳನ್ನು ದಾಟಿದ ಮೇಲೆ ಗುಡ್ಡ, ಕಾಡು, ಕಣಿವೆ ಶುರುವಾಗ್ತವೆ. ಇದೇ ಚಿಂಚೋಳಿ ವನ್ಯಜೀವಿ ಧಾಮ. ಸುಮಾರು 134 ಚದರ ಕಿ.ಮೀ. ಕಾಡನ್ನು ಕರ್ನಾಟಕ ಸರ್ಕಾರ 2011ರಲ್ಲಿ ಧಾಮವೆಂದು ಘೋಷಿಸಿತು. ಚಂದ್ರಂಪಳ್ಳಿ ಜಲಾಶಯ ಇರುವುದು ಇಲ್ಲೇ.

ದೀಪಾವಳಿ ಹೊತ್ತಿಗೆ ಹೋಗಿ ನೋಡ್ರಿ. ಮಳೆ ನಿಂತು ಎಷ್ಟೋ ದಿನ ಆಗಿರ್ತದೆ. ಆದರೂ ಕಣಿವೆಯ ಹಳ್ಳದಲ್ಲಿ ನೀರು ಹರೀತಿರ್ತದೆ. ಈ ನೀರು ಎಲ್ಲಿಂದ ಬಂತು?

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಅಂಗಳದ ಪರಸಿ ಕಲ್ಲಿನ ಮೇಲೆ ಒಂದು ಲೋಟ ನೀರು ಹಾಕಿ. ನೀರು ಜಾರಿ ಹೋಗ್ತದೆ. ಅಷ್ಟೇ ನೀರನ್ನು ಒಣಗಿದ ಇಟ್ಟಿಗೆ ಮೇಲೆ ನಿಧಾನವಾಗಿ ಹಾಕಿ. ಇಟ್ಟಿಗೆ ಅದನ್ನು ಕುಡೀತದೆ. ಇಲ್ಲಿನ ಗುಡ್ಡಗಳಲ್ಲಿ ಈ ಎರಡೂ ಗುಣದ ಕಲ್ಲುಗಳು ಒಂದರ ಮೇಲೊಂದು ಇವೆ.

ಕೆಳಗಿರುವುದು ಬಸಾಲ್ಟ್ ಎಂಬ ಗಟ್ಟಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಇದು ಆಯಿತು. ಲಕ್ಷಾಂತರ ವರ್ಷ ಮಳೆನೀರು ಅದರ ಮೇಲ್ಭಾಗದ ಸಿಲಿಕಾವನ್ನು ಕರಗಿಸಿ ಒಯ್ದಿತು. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದವು. ಹಾಗೆ ಆದದ್ದೇ ತೂತುತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು. ಮಳೆನೀರು ಇದರೊಳಗೆ ಇಳಿದು, ಕೆಳಗಿನ ಜೇಡಿ ಪದರ ಮತ್ತು ಗಟ್ಟಿ ಕಲ್ಲಿಗೆ ಬಂದು ನಿಲ್ತದೆ. ಕೆಳಗೆ ದಾರಿ ಇಲ್ಲ, ಹಂಗಾಗಿ ಪಕ್ಕಕ್ಕೆ ಸರಿಯುತ್ತದೆ. ಕಣಿವೆ ಗುಡ್ಡವನ್ನು ಸೀಳಿದ ಕಡೆ ಝರಿಯಾಗಿ ಹೊರಬರ್ತದೆ. ಬೀದರಿನ ಬಹಮನಿ ಕಾಲದ ಸುರಂಗ ಬಾವಿಗೆ ನೀರು ಬರೋದೂ ಹೀಗೆಯೇ.

ಇದರಲ್ಲಿ ಕಾಡಿನ ಕೆಲಸ ಏನು? ಉದುರಿದ ಎಲೆಗಳ ಹಾಸು ಓಡುವ ನೀರನ್ನು ತಡೀತದೆ. ಬೇರುಗಳು ಮಣ್ಣನ್ನು ಸಡಿಲ ಮಾಡ್ತವೆ. ಎಲೆಹಾಸು ಸುಟ್ಟುಹೋದರೆ ಮಳೆನೀರು ಮಣ್ಣಿನ ಸಮೇತ ಹರಿದು ಹೋಗ್ತದೆ, ಗುಡ್ಡದೊಳಗೆ ಇಳಿಯೋದು ಕಡಿಮೆಯಾಗ್ತದೆ. ಆಮೇಲೆ ಝರಿ ಬೇಗ ಬತ್ತುತ್ತದೆ.

ಆ ನೀರನ್ನೇ ನಂಬಿದವರು ಅಲ್ಲಿದ್ದಾರೆ: ತೋಳ, ಕತ್ತೆಕಿರುಬ, ಕೃಷ್ಣಮೃಗ, ಕೊಂಡುಕುರಿ. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು! ಅದು ನೀರಿನ ಆಸರೆ ಬಿಟ್ಟು ದೂರ ಹೋಗೋದಿಲ್ಲ. ಬಹಳ ನಾಚಿಕೆ ಸ್ವಭಾವ. ನಾವು ಸಂಜೆತನಕ ನೀರಿನ ದಂಡೆಯಲ್ಲಿ ಹಾಡು ಹಚ್ಚಿ ಕೂತರೆ ಅದು ಬಾಯಾರಿ ಪೊದೆಯಲ್ಲೇ ನಿಲ್ಲಬೇಕಾಗ್ತದೆ.

ಅದಕ್ಕೇ ಹೋಗುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಹಿರಿಯರ ಜೊತೆ ಹೋಗಿ. ಬುತ್ತಿ ಕಟ್ಟಿಕೊಂಡು ಹೋಗಿ, ಒಲೆ ಹೂಡಬೇಡಿ. ಒಣಎಲೆಗೆ ಒಂದು ಕಿಡಿ ಸಾಕು. ನೀರಿನಿಂದ ದೂರ ಕೂತು ಊಟ ಮಾಡಿ, ಕಸ ವಾಪಸ್ ತನ್ನಿ, ಹೊತ್ತು ಇಳಿಯುವ ಮುಂಚೆ ಹೊರಡಿ.

ನಮ್ಮ ತಾಂಡೂರಿನ ಕಾಗ್ನಾ ನದಿ ಹುಟ್ಟುವ ಅನಂತಗಿರಿಯಲ್ಲೂ ಕೆಂಪು ಕಲ್ಲಿದೆ, ಕಾಡಿದೆ. ಮುಂದಿನ ಸಲ ಕಾಗ್ನಾ ಸೇತುವೆ ದಾಟುವಾಗ ನೀರು ಎಷ್ಟಿದೆ ನೋಡಿ, ತಿಂಗಳಿಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ವರ್ಷ ತುಂಬಿದಾಗ ಆ ಪುಟಗಳನ್ನು ತರಗತಿಗೆ ತನ್ನಿ, ಎಲ್ಲರೂ ಕೂಡಿ ಓದೋಣ.