ವಿಮಾನದ ತೂಕ ಕಣ್ಣಿಗೆ ಕಾಣುವುದೇ?

ಮಕ್ಕಳೇ, ಹಂಗಾರಕಟ್ಟೆಯ ಕಡವಿನಲ್ಲಿ ನಿಂತು ದೋಣಿಗಳನ್ನು ನೋಡಿದ್ದೀರಾ? ಕೋಡಿ ಬೆಂಗ್ರೆಗೆ ಹೊರಟ ದೋಣಿಗೆ ಒಬ್ಬೊಬ್ಬರೇ ಹತ್ತಿದಂತೆ ಅದು ಸ್ವಲ್ಪ ಸ್ವಲ್ಪವೇ ನೀರಿಗೆ ಇಳಿಯುತ್ತದೆ. ದೋಣಿಯ ಅಂಚಿಗೂ ನೀರಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ನೋಡಿದರೆ ಸಾಕು, ಭಾರ ಹೆಚ್ಚಾಯಿತೇ ಇಲ್ಲವೇ ಎಂದು ನಡೆಸುವವರಿಗೆ ತಿಳಿಯುತ್ತದೆ. ದೋಣಿ ತನ್ನ ಭಾರವನ್ನು ತಾನೇ ತೋರಿಸಿಕೊಡುತ್ತದೆ.

ವಿಮಾನ ಹಾಗಲ್ಲ. ಎಷ್ಟು ಹೇರಿದರೂ ಅದು ತನ್ನ ಚಕ್ರಗಳ ಮೇಲೆ ಸುಮ್ಮನೆ ನಿಂತಿರುತ್ತದೆ. ಭಾರ ಮಿತಿ ಮೀರಿದೆ ಎಂಬುದು ತಿಳಿಯುವುದು ಓಡುದಾರಿ ಮುಗಿಯುತ್ತ ಬಂದರೂ ನೆಲ ಬಿಟ್ಟು ಏಳದಿದ್ದಾಗ! ಆಗ ಯಾರನ್ನೂ ಇಳಿಸುವಂತಿಲ್ಲ. ಆದ್ದರಿಂದ ಪೈಲಟ್ ಹೊರಡುವ ಮೊದಲೇ ಕಾಗದದ ಮೇಲೆ ಲೆಕ್ಕ ಮಾಡುತ್ತಾರೆ. ಅದು ನಿಮಗೆ ಬರುವ ಕೂಡು-ಕಳೆ ಲೆಕ್ಕವೇ.

ನಮ್ಮ ರಾಜ್ಯದ್ದೇ ಒಂದು ವಿಮಾನವನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ ವಿಜ್ಞಾನಿಗಳು ಪೈಲಟ್ ತರಬೇತಿಗಾಗಿ 'ಹಂಸ-3' ಎಂಬ ಪುಟ್ಟ ವಿಮಾನವನ್ನು ರೂಪಿಸಿದರು. 2000ರಲ್ಲಿ ಅದಕ್ಕೆ ಸರಕಾರದ ಪ್ರಮಾಣಪತ್ರ ದೊರೆಯಿತು. ಅದರಲ್ಲಿ ಇರುವುದು ಎರಡೇ ಆಸನ. ನೆಲ ಬಿಡುವಾಗ ಅದರ ಒಟ್ಟು ತೂಕ 750 ಕಿ.ಗ್ರಾಂ ಮೀರಬಾರದು. ಟ್ಯಾಂಕಿನಲ್ಲಿ 85 ಲೀಟರ್ ಇಂಧನ ಹಿಡಿಯುತ್ತದೆ.

ಪ್ರತಿಯೊಂದು ವಿಮಾನವನ್ನೂ ಖಾಲಿ ಇರುವಾಗ ತೂಗಿ, ಆ ತೂಕವನ್ನು ಅದರದೇ ದಾಖಲೆಯಲ್ಲಿ ಬರೆದಿಡುತ್ತಾರೆ. ನಮ್ಮ ಲೆಕ್ಕಕ್ಕೆ ಅದು 560 ಕಿ.ಗ್ರಾಂ ಎಂದಿಟ್ಟುಕೊಳ್ಳೋಣ. 750ರಿಂದ 560 ಕಳೆದರೆ 190. ಇದೇ 'ಉಪಯುಕ್ತ ಭಾರ'. ಜನ, ಚೀಲ, ಇಂಧನ ಎಲ್ಲವೂ ಈ 190 ಕಿ.ಗ್ರಾಂ ಒಳಗೇ ಬರಬೇಕು.

ಇಂಧನವನ್ನು ಅಳೆಯುವುದು ಲೀಟರಿನಲ್ಲಿ, ವಿಮಾನಕ್ಕೆ ಲೆಕ್ಕವಾಗುವುದು ಕಿಲೋಗ್ರಾಂ. ಒಂದು ಲೀಟರ್ ನೀರಿನ ತೂಕ 1 ಕಿ.ಗ್ರಾಂ ಎಂದು ನೀವು ಓದಿದ್ದೀರಿ. ಒಂದು ಲೀಟರ್ ತೆಂಗಿನೆಣ್ಣೆಯನ್ನು ತೂಗಿ ನೋಡಿ, ಅಷ್ಟು ಬರುವುದಿಲ್ಲ. ನಾಡದೋಣಿಯ ಎಂಜಿನ್ನಿಗೆ ಹಾಕುವ ಸೀಮೆಎಣ್ಣೆ ಇನ್ನೂ ಹಗುರ, ಲೀಟರಿಗೆ ಸುಮಾರು 800 ಗ್ರಾಂ. ಸಣ್ಣ ವಿಮಾನಗಳ ಪೆಟ್ರೋಲ್ ಲೀಟರಿಗೆ ಸುಮಾರು 720 ಗ್ರಾಂ ಮಾತ್ರ. ಇದನ್ನೇ ನಾವು ಸಾಂದ್ರತೆ ಎನ್ನುವುದು. (ಪೆಟ್ರೋಲ್, ಸೀಮೆಎಣ್ಣೆಗಳನ್ನು ನೀವು ತೂಗಲು ಹೋಗಬೇಡಿ. ತೆಂಗಿನೆಣ್ಣೆ ಸಾಕು.)

ಹಾಗಾದರೆ ಹಂಸದ ತುಂಬಿದ ಟ್ಯಾಂಕಿನ ಇಂಧನದ ತೂಕ 85 × 0.72 = 61.2 ಕಿ.ಗ್ರಾಂ. 70 ಕಿ.ಗ್ರಾಂ ತೂಕದ ಶಿಕ್ಷಕರೂ 58 ಕಿ.ಗ್ರಾಂ ತೂಕದ ಶಿಷ್ಯೆಯೂ ಕುಳಿತರೆ 128 ಆಯಿತು. ಉಳಿಯುವುದು 62. ಟ್ಯಾಂಕ್ ತುಂಬಿಸಬಹುದು, ಆದರೆ ಒಂದು ಪುಸ್ತಕದ ಚೀಲಕ್ಕೂ ಜಾಗವಿಲ್ಲ! ಅದೇ 80 ಕಿ.ಗ್ರಾಂ ತೂಕದ ಇಬ್ಬರು ಕುಳಿತರೆ? 190 – 160 = 30. 30 ÷ 0.72 ಎಂದರೆ ಸುಮಾರು 41 ಲೀಟರ್, ಅರ್ಧ ಟ್ಯಾಂಕೂ ಇಲ್ಲ. ಆಸನ ಎರಡಿದೆ, ಟ್ಯಾಂಕ್ 85 ಲೀಟರಿನದು ಎಂದಮಾತ್ರಕ್ಕೆ ಎರಡನ್ನೂ ಒಟ್ಟಿಗೆ ತುಂಬಿಸಬಹುದು ಎಂದಲ್ಲ. ಜನ ಹೆಚ್ಚಾದರೆ ದೂರ ಕಡಿಮೆಯಾಗುತ್ತದೆ. ದೂರ ಹೋಗಬೇಕಾದರೆ ಭಾರ ಇಳಿಸಬೇಕು. ಅಲ್ಲದೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿ ನಮ್ಮ ಕಡಲ ತೀರದ ಗಾಳಿಗಿಂತ ತೆಳು. ಅಷ್ಟೇ ಭಾರವನ್ನು ಎತ್ತಲು ಅಲ್ಲಿ ಇನ್ನೂ ಉದ್ದದ ಓಟ ಬೇಕು.

ಲೀಟರನ್ನು ತೂಕಕ್ಕೆ ಬದಲಿಸುವಾಗ ತಪ್ಪಿದರೆ ಏನಾಗುತ್ತದೆ? 1983ರ ಜುಲೈ 23ರಂದು ಕೆನಡಾದಲ್ಲಿ ಒಂದು ದೊಡ್ಡ ವಿಮಾನಕ್ಕೆ ಹೀಗೇ ಆಯಿತು. ಅದಕ್ಕೆ 22,300 ಕಿ.ಗ್ರಾಂ ಇಂಧನ ಬೇಕಿತ್ತು. ಇಂಧನ ಮಾಪಕ ಕೆಟ್ಟಿದ್ದರಿಂದ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆದರು. ಇದ್ದದ್ದು 7,682 ಲೀಟರ್. ಅದನ್ನು ಸುಮಾರು 0.8ರಿಂದ ಗುಣಿಸಬೇಕಿತ್ತು. ಆದರೆ ಹಳೆಯ ವಿಮಾನಗಳ ರೂಢಿಯಂತೆ 1.77ರಿಂದ ಗುಣಿಸಿದರು. ಅದು ಲೀಟರನ್ನು ಪೌಂಡಿಗೆ ಬದಲಿಸುವ ಸಂಖ್ಯೆ! ಒಂದು ಪೌಂಡ್ ಎಂದರೆ ಅರ್ಧ ಕಿಲೋಗ್ರಾಂಗೂ ಕಡಿಮೆ. ಬಂದ 13,597ನ್ನು ಕಿ.ಗ್ರಾಂ ಎಂದೇ ತಿಳಿದು, ಸುಮಾರು 20,000 ಲೀಟರ್ ತುಂಬಿಸುವ ಬದಲು 5,000 ಲೀಟರಿಗೂ ಕಡಿಮೆ ತುಂಬಿಸಿದರು. ಸುಮಾರು 12,500 ಮೀಟರ್ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿದು ಎರಡೂ ಎಂಜಿನ್‌ಗಳು ನಿಂತುಹೋದವು. ಪೈಲಟ್‌ಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ವಿಮಾನವನ್ನು ತೇಲಿಸುತ್ತ ತಂದು ಗಿಮ್ಲಿ ಎಂಬಲ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕಿದರು.

ಈಗ ನಿಮಗೊಂದು ಲೆಕ್ಕ. ನಮ್ಮ ಹಂಸದಲ್ಲಿ 75 ಮತ್ತು 65 ಕಿ.ಗ್ರಾಂ ತೂಕದ ಇಬ್ಬರು, 5 ಕಿ.ಗ್ರಾಂನ ಒಂದು ಚೀಲ. ಗಂಟೆಗೆ 20 ಲೀಟರ್ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಇಳಿಯುವಾಗ ಇನ್ನೂ ಅರ್ಧ ಗಂಟೆಗೆ ಸಾಕಾಗುವಷ್ಟು ಇಂಧನ ಉಳಿದಿರಲೇಬೇಕು. ಎಷ್ಟು ಲೀಟರ್ ತುಂಬಿಸಬಹುದು? ಎರಡು ಗಂಟೆಯ ಹಾರಾಟಕ್ಕೆ ಅದು ಸಾಕೇ? ಮೂರು ಗಂಟೆ ಹಾರಬೇಕಾದರೆ ಚೀಲವನ್ನು ಬಿಟ್ಟು ಹೋದರೆ ಸಾಕೇ, ಸಾಲದೇ?